ಓದುಗರ ಪ್ರಶ್ನೆ: ಮೀನಿನ ಕಿವಿಯೊಳಗಿನ ಕಲ್ಲು

ಕಳೆದ ಸಂಚಿಕೆಯಲ್ಲಿ ಬಂಗಡೆಯ ಪ್ರಾಯದ ಬಗೆಗಿನ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಮೀನಿನ ಕಿವಿಯೊಳಗಿರುವ ಕಲ್ಲನ್ನು ನೋಡಿ ಅದರ ಪ್ರಾಯ ಹೇಳಬಹುದು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಸಾಗಿದ್ದೆ. ಆ ಒಂದು ಸಾಲನ್ನು ಹಿಡಿದು ಕಾರವಾರ, ಅಂಕೋಲಾ, ಕುಮಟಾ, ಶಿರಸಿಗಳಿಂದ ಪತ್ರಗಳು ಬಂದಿವೆ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ದೊಡ್ಡ ಮೀನಿನ ತಲೆಯ ಸಾರು ಮಾಡಿದ ದಿನ ಬಟ್ಟಲಿನ ತಳದಲ್ಲಿ ಅರ್ಧ ಹುಣಸೆ ಬೀಜದಷ್ಟಿರುವ ಎರಡು ಬಿಳಿ ಕಲ್ಲುಗಳು ಸಿಗುತ್ತವೆ. ನಮ್ಮ ಅತ್ತೆಯವರು ಅದನ್ನು ಮೀನಿನ ದವಡೆ ಹಲ್ಲು ಎನ್ನುತ್ತಾರೆ. ಬಂಗಡೆಯಲ್ಲಿ ಮಾತ್ರ ನಾನು ಇದನ್ನು ಎಂದೂ ಕಂಡಿಲ್ಲ. ಇದು ಏನು, ಏಕೆ ಇರುತ್ತದೆ?
(ಗೃಹಿಣಿ, ಕೋಡಿಬಾಗ, ಕಾರವಾರ)

ಉತ್ತರ: ನಿಮಗೆ ಸಿಕ್ಕಿದ್ದು ಹಲ್ಲೂ ಅಲ್ಲ, ಎಲುಬೂ ಅಲ್ಲ, ಅದು ಕಿವಿಗಲ್ಲು. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಓಟೋಲಿತ್ ಎಂಬ ಹೆಸರಿದೆ. ಮೀನಿಗೆ ಹೊರಗಿವಿ ಇಲ್ಲದಿದ್ದರೂ ತಲೆಬುರುಡೆಯ ಒಳಗೆ, ಮಿದುಳಿನ ಹಿಂಭಾಗದ ಎರಡೂ ಪಕ್ಕಗಳಲ್ಲಿ, ದ್ರವ ತುಂಬಿದ ಸಣ್ಣ ಚೀಲಗಳ ರೂಪದಲ್ಲಿ ಒಳಗಿವಿ ಇದೆ. ಒಂದೊಂದು ಪಕ್ಕಕ್ಕೆ ಮೂರರಂತೆ ಒಟ್ಟು ಆರು ಕಲ್ಲುಗಳು ಆ ಚೀಲಗಳಲ್ಲಿ ಕುಳಿತಿರುತ್ತವೆ. ಮೂರು ಜೊತೆಗಳಿಗೆ ಸ್ಯಾಜಿಟ್ಟಾ, ಲ್ಯಾಪಿಲಸ್, ಆಸ್ಟೆರಿಸ್ಕಸ್ ಎಂದು ಹೆಸರು. ಹೆಚ್ಚಿನ ಕಡಲ ಮೀನುಗಳಲ್ಲಿ ಸ್ಯಾಜಿಟ್ಟಾ ಎಂಬ ಜೊತೆಯೇ ದೊಡ್ಡದು, ನಿಮ್ಮ ಬಟ್ಟಲಿನಲ್ಲಿ ಉಳಿದದ್ದೂ ಅದೇ.

ನೀವು ತಂದಿದ್ದ ಮೀನು ಬಹುಶಃ ನೀರಿನಿಂದ ತೆಗೆದಾಗ ಗೊರ್ ಗೊರ್ ಎಂದು ಸದ್ದು ಮಾಡುವ ಕ್ರೋಕರ್ ಕುಲದ್ದಾಗಿರಬೇಕು, ಏಕೆಂದರೆ ಆ ಕುಲದ ಮೀನುಗಳ ಕಿವಿಗಲ್ಲು ಮೈಯ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದು. ಬಂಗಡೆಗೂ ಕಿವಿಗಲ್ಲು ಇದ್ದೇ ಇದೆ. ಅದು ಅಕ್ಕಿಯ ನುಚ್ಚಿನಷ್ಟು ಸಣ್ಣದಾಗಿ, ತೆಳುವಾಗಿ ಇರುವುದರಿಂದ ಮುಳ್ಳಿನ ಜೊತೆಗೆ ಕಸಕ್ಕೆ ಹೋಗುತ್ತದೆ. ಸುಮ್ಮನೆ ಮಾತಿಗೆ ಇದನ್ನು ಕಿವಿಯ ಎಲುಬು ಎನ್ನುವವರಿದ್ದಾರೆ, ಆದರೆ ಎಲುಬಿಗೆ ಜೀವಕೋಶಗಳಿವೆ, ರಕ್ತನಾಳಗಳಿವೆ, ಅದು ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಕಿವಿಗಲ್ಲಿನಲ್ಲಿ ಇವು ಯಾವುವೂ ಇಲ್ಲ. ಅದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಪ್ರೋಟೀನಿನ ತೆಳುವಾದ ಹಂದರದ ಮೇಲೆ ಹರಳುಗಟ್ಟಿ ಆದದ್ದು. ಮುತ್ತಿನ ಚಿಪ್ಪಿನ ಒಳಮೈಯಲ್ಲಿರುವ ಅರಗೊನೈಟ್ ಎಂಬ ಹರಳೇ ಇಲ್ಲಿಯೂ ಇರುವುದರಿಂದ, ತೊಳೆದು ಬೆಳಕಿಗೆ ಹಿಡಿದರೆ ಇದಕ್ಕೂ ಒಂದು ಮಾಸಲು ಹೊಳಪು ಇರುವುದು ಕಾಣುತ್ತದೆ.

ಇದರ ಕೆಲಸ ಎರಡು: ಕೇಳುವುದು ಮತ್ತು ತೂಕ ತಪ್ಪದೆ ಈಜುವುದು. ಮೀನಿನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರವಾಗಿರುವುದರಿಂದ ಶಬ್ದದ ಅಲೆ ಬಂದಾಗ ಮೈ ನೀರಿನ ಜೊತೆಗೇ ಅಲುಗುತ್ತದೆ. ಕಲ್ಲು ಸುಮಾರು ಮೂರು ಪಟ್ಟು ಸಾಂದ್ರವಾದದ್ದು, ಆದ್ದರಿಂದ ಅದು ಒಂದು ಕ್ಷಣ ಹಿಂದೆ ಉಳಿಯುತ್ತದೆ. ಈ ಅಂತರದಿಂದ ಕಲ್ಲಿಗೆ ತಾಗಿರುವ ಕೂದಲಿನಂಥ ಸಂವೇದಕೋಶಗಳು ಬಾಗುತ್ತವೆ, ಆ ಬಾಗುವಿಕೆಯೇ ಮಿದುಳಿಗೆ ಶಬ್ದವಾಗಿ ತಲುಪುತ್ತದೆ. ಮೀನು ಓರೆಯಾದಾಗ ಕಲ್ಲು ತನ್ನ ಭಾರಕ್ಕೆ ಜಾರಿ, ಯಾವ ಕಡೆ ಕೆಳಗು ಎಂಬುದನ್ನೂ ತಿಳಿಸುತ್ತದೆ. ಗ್ರೀಸಿನ ಅರಿಸ್ಟಾಟಲ್ ತಲೆಯಲ್ಲಿ ಕಲ್ಲಿರುವ ಮೀನುಗಳಿಗೆ ಚಳಿ ಹೆಚ್ಚು ಬಾಧಿಸುತ್ತದೆ ಎಂದು ಬರೆದಿದ್ದ. ಅವನ ಕಾರಣ ಸರಿಯಲ್ಲ, ಆದರೆ ಕಲ್ಲನ್ನು ಗಮನಿಸಿದ್ದನಲ್ಲ ಎಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ.

ಪ್ರಶ್ನೆ: ಮಗು ಮೀನಿನ ತಲೆಯ ಕಲ್ಲನ್ನು ನುಂಗಿಬಿಟ್ಟಿತು. ಮುಂದೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ ಎಂದು ನೆರೆಯವರು ಹೆದರಿಸುತ್ತಿದ್ದಾರೆ.
(ಓದುಗರು, ಅಂಕೋಲಾ)

ಉತ್ತರ: ಹೆದರಬೇಡಿ. ಸಣ್ಣ ಮೀನಿನ ಕಿವಿಗಲ್ಲು ಹೊಟ್ಟೆಯ ಆಮ್ಲದಲ್ಲಿ ಕರಗುವ ಸುಣ್ಣದ ಚೂರು. ಒಂದು ಕಲ್ಲಿನ ಮೇಲೆ ಲಿಂಬೆರಸ ಹಿಂಡಿ ನೋಡಿದರೆ ಗುಳ್ಳೆಗಳು ಏಳುವುದು ನಿಮಗೇ ಕಾಣುತ್ತದೆ. ಮನುಷ್ಯರ ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು, ಅವು ಆಗುವ ಬಗೆಯೇ ಬೇರೆ. ಹಾಗೆಯೇ, ಈ ಕಲ್ಲನ್ನು ತೇಯ್ದು ಕುಡಿದರೆ ಮೂತ್ರದ ಕಲ್ಲು ಕರಗುತ್ತದೆ ಎಂಬ ಮಾತನ್ನೂ ನಂಬಬೇಡಿ. ಚಿಕ್ಕ ಮಕ್ಕಳಿಗೆ ತಲೆಯ ತುಂಡು ಬಡಿಸುವಾಗ ಗಂಟಲಿಗೆ ಸಿಕ್ಕೀತೆಂಬ ಎಚ್ಚರ ಇದ್ದರೆ ಸಾಕು.

ಪ್ರಶ್ನೆ: ಮರದ ಕಾಂಡದಂತೆ ಕಿವಿಗಲ್ಲಿನಲ್ಲೂ ವರ್ಷಕ್ಕೊಂದು ಬಳೆ ಇರುತ್ತದೆ ಎಂದು ಪಾಠದಲ್ಲಿ ಓದಿದೆ. ಪ್ರಯೋಗಾಲಯದಲ್ಲಿ ಒಂದು ಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬರೀ ಬಿಳಿ ಗಡ್ಡೆಯಂತೆ ಕಾಣಿಸಿತು. ಬಳೆಗಳನ್ನು ನೋಡುವುದು ಹೇಗೆ?
(ಬಿ.ಎಸ್‌ಸಿ. ವಿದ್ಯಾರ್ಥಿನಿ, ಕುಮಟಾ)

ಉತ್ತರ: ಸೊಲೆ, ನಂಗು ಮುಂತಾದ ಚಪ್ಪಟೆ ಮೀನುಗಳ ತೆಳ್ಳನೆಯ ಕಲ್ಲನ್ನು ಕಪ್ಪು ತಟ್ಟೆಯಲ್ಲಿ ನೀರಿನೊಳಗೆ ಇಟ್ಟು, ಮೇಲಿನಿಂದ ಬೆಳಕು ಬಿಟ್ಟರೆ ಕೆಲವೊಮ್ಮೆ ಹಾಗೆಯೇ ಗೆರೆಗಳು ಕಾಣುತ್ತವೆ. ದಪ್ಪ ಕಲ್ಲಾದರೆ ಅದನ್ನು ಕೊಯ್ಯಬೇಕು, ಇಲ್ಲವೇ ತೇಯಬೇಕು. ಗಾಜಿನ ಪಟ್ಟಿಗೆ ಕಲ್ಲನ್ನು ಅಂಟಿಸಿ, ಅತಿ ನುಣುಪಾದ ಮರಳು ಕಾಗದದ ಮೇಲೆ ನೀರು ಹನಿಸುತ್ತ, ಬೆರಳ ತುದಿಯ ಭಾರವನ್ನಷ್ಟೇ ಕೊಟ್ಟು ಉಜ್ಜುತ್ತ ಹೋಗುತ್ತೇವೆ. ಹತ್ತು ಸಲ ಉಜ್ಜಿದ ಮೇಲೆ ಒರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಮತ್ತೆ ಉಜ್ಜುವುದು, ಹೀಗೆ. ನಡುವಿನ ಬಿಂದು, ಅಂದರೆ ಮೀನು ಮೊಟ್ಟೆಯೊಳಗೆ ಇದ್ದಾಗಲೇ ಮೊದಲು ಹರಳುಗಟ್ಟಿದ ಜಾಗ, ಕಪ್ಪು ಚುಕ್ಕೆಯಾಗಿ ಎದ್ದು ಕಂಡ ಕೂಡಲೇ ಕೈ ನಿಲ್ಲಿಸಬೇಕು. ಆಮೇಲೆ ನಾಲ್ಕು ಸಲ ಹೆಚ್ಚಿಗೆ ಉಜ್ಜಿದರೂ ಆ ಬಿಂದು ಸವೆದುಹೋಗಿ ಮೀನಿನ ಬಾಲ್ಯವೇ ಕಳೆದುಹೋಗುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಎಷ್ಟೋ ಕಲ್ಲುಗಳನ್ನು ಹೀಗೆಯೇ ಕಳೆದುಕೊಂಡಿದ್ದೇನೆ. ಈಗಲೂ ವಿದ್ಯಾರ್ಥಿಗಳಿಗೆ ಜೊತೆಯ ಎರಡು ಕಲ್ಲುಗಳಲ್ಲಿ ಒಂದನ್ನು ಮುಟ್ಟದೆ ಎತ್ತಿಡಿ ಎಂದು ಹೇಳುವುದು ಅದಕ್ಕಾಗಿಯೇ.

ಹದವಾಗಿ ತೇಯ್ದ ಕಲ್ಲಿನಲ್ಲಿ ಎರಡು ಬಗೆಯ ಗೆರೆಗಳಿವೆ. ಒಂದು, ಬರಿಗಣ್ಣಿಗೂ ಕಾಣಬಹುದಾದ ಅಗಲದ ಪಟ್ಟಿಗಳು. ಮೇಲಿನಿಂದ ಬೆಳಕು ಬಿದ್ದಾಗ ಬಿಳಿಯಾಗಿ ಕಾಣುವ ಮಬ್ಬು ಪಟ್ಟಿಯೊಂದು, ಅದರ ಪಕ್ಕಕ್ಕೆ ಕಪ್ಪಾಗಿ ಕಾಣುವ ಪಾರಕ ಪಟ್ಟಿಯೊಂದು. ತಣ್ಣನೆಯ ದೇಶಗಳ ಮೀನುಗಳಲ್ಲಿ ಸಾಮಾನ್ಯವಾಗಿ ಈ ಎರಡೂ ಸೇರಿ ಒಂದು ವರ್ಷ. 1899ರಲ್ಲಿ ಜರ್ಮನಿಯ ಯೊಹಾನೆಸ್ ರೈಬಿಶ್ ಎಂಬ ವಿಜ್ಞಾನಿ ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಿವಿಗಲ್ಲುಗಳಲ್ಲಿ ಈ ಪಟ್ಟಿಗಳನ್ನು ಎಣಿಸಿ ಪ್ರಾಯ ಹೇಳುವ ದಾರಿಯನ್ನು ತೋರಿಸಿದ. ಅದಕ್ಕೂ ಮೊದಲು, 1759ರಷ್ಟು ಹಿಂದೆಯೇ, ಸ್ವೀಡನ್ನಿನ ಹಾನ್ಸ್ ಹೆಡೆರ್‌ಸ್ಟ್ರೋಮ್ ಮೀನಿನ ಬೆನ್ನುಮೂಳೆಯ ಬಳೆಗಳನ್ನು ಎಣಿಸಿದ್ದ.

ಎರಡನೆಯದು ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು. 1971ರಲ್ಲಿ ಜಾರ್ಜಿಯೊ ಪನ್ನೆಲ್ಲಾ ಎಂಬವರು ವರ್ಷದ ಪಟ್ಟಿಗಳ ನಡುವೆ ಅತಿ ಸಣ್ಣ ಪದರಗಳಿರುವುದನ್ನು ಕಂಡು ಎಣಿಸಿ ನೋಡಿದರು. ಒಂದು ವರ್ಷದ ಗೆರೆಯಿಂದ ಮುಂದಿನ ಗೆರೆಯವರೆಗೆ ಸುಮಾರು 360 ಪದರಗಳು ಸಿಕ್ಕವು. ಅಂದರೆ ದಿನಕ್ಕೊಂದು ಪದರ! ಹಗಲು ರಾತ್ರಿಯ ಲಯಕ್ಕೆ ತಕ್ಕಂತೆ ಒಮ್ಮೆ ಸುಣ್ಣದ ಅಂಶ ಹೆಚ್ಚಾಗಿ, ಒಮ್ಮೆ ಪ್ರೋಟೀನು ಹೆಚ್ಚಾಗಿ ಕಲ್ಲಿನ ಮೇಲೆ ಕೂರುತ್ತದೆ. ಒಂದೊಂದು ಪದರ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ದಪ್ಪ. ಹೊಟ್ಟೆ ತುಂಬಿದ ದಿನಗಳ ಪದರ ಅಗಲವಾಗಿ, ಹಸಿದ ದಿನಗಳದ್ದು ಇಕ್ಕಟ್ಟಾಗಿ ಇರುವುದು ವಾಡಿಕೆ. ಜೂನ್ ತಿಂಗಳಲ್ಲಿ ಹಿಡಿದ ಒಂದು ಮರಿಯ ಕಲ್ಲಿನಲ್ಲಿ 90 ಪದರಗಳಿದ್ದರೆ ಅದು ಮಾರ್ಚ್ ತಿಂಗಳಲ್ಲಿ ಹುಟ್ಟಿದ್ದು ಎಂದು ಹಿಂದಕ್ಕೆ ಎಣಿಸಿ ಹೇಳಬಹುದು. ಕೆಲವು ಮೀನುಗಳಲ್ಲಿ ಮೊದಲ ಪದರ ಮೊಟ್ಟೆಯೊಡೆದ ದಿನವೇ ಬೀಳುತ್ತದೆ, ಕೆಲವುಗಳಲ್ಲಿ ಮರಿ ತಾನಾಗಿ ಉಣ್ಣಲು ತೊಡಗಿದ ದಿನ ಬೀಳುತ್ತದೆ. ಯಾವ ಜಾತಿಗೆ ಯಾವುದು ಎಂಬುದನ್ನು ಮರಿಗಳನ್ನು ತೊಟ್ಟಿಯಲ್ಲಿ ಸಾಕಿ ಮೊದಲೇ ಖಚಿತಪಡಿಸಿಕೊಂಡಿರಬೇಕು.

ಇದೆಲ್ಲ ಸಾಧ್ಯವಾಗುವುದು ಒಂದೇ ಒಂದು ಗುಣದಿಂದ. ಮೀನು ಉಪವಾಸ ಬಿದ್ದಾಗ ತನ್ನ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ, ಮಾಂಸವನ್ನು ಕರಗಿಸಿಕೊಳ್ಳುತ್ತದೆ, ಹುರುಪೆಯ ಅಂಚಿನ ಸುಣ್ಣವನ್ನೂ ಹಿಂದಕ್ಕೆ ಪಡೆಯುವುದುಂಟು. ಆದರೆ ಕಿವಿಗಲ್ಲಿನ ಮೇಲೆ ಒಮ್ಮೆ ಕೂತ ಪದರವನ್ನು ಮತ್ತೆ ಕರಗಿಸಿ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ನಾಲ್ವತ್ತು ವರ್ಷ ಸಮುದ್ರದಲ್ಲಿ ದುಡಿದವನು ನಾನು. ಹಿಮ ಬೀಳುವ ದೇಶದ ಮೀನಿಗೆ ವರ್ಷಕ್ಕೊಂದು ಗೆರೆ ಬರಬಹುದು, ನಮ್ಮ ಕಡಲಿಗೆ ಚಳಿಗಾಲವೇ ಇಲ್ಲವಲ್ಲ, ಇಲ್ಲಿಯ ಬಂಗಡೆಗೆ, ತಾರ್ಲೆಗೆ ಗೆರೆ ಎಲ್ಲಿಂದ ಬಂತು? ಸಭೆಗಳಲ್ಲಿ ಸಣ್ಣ ಮೀನು ಹಿಡಿಯಬೇಡಿ ಎನ್ನುತ್ತಾರೆ. ಸಣ್ಣದೆಲ್ಲ ಎಳೆಯದು ಎಂದು ಹೇಳಿದವರು ಯಾರು? ಈ ಕಲ್ಲಿನ ವಿದ್ಯೆಯಿಂದ ನಮಗೇನು ಲಾಭ?
(ದೋಣಿ ಮಾಲೀಕರು, ಬೈತಖೋಲ, ಕಾರವಾರ)

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದು. ಈ ವಿದ್ಯೆಯನ್ನೇ ಬದುಕಾಗಿ ಮಾಡಿಕೊಂಡವರೂ ಇದೇ ಸಂಶಯದಿಂದ ಹೊರಡಬೇಕು ಎಂಬುದು ನನ್ನ ನಂಬಿಕೆ. ಗೆರೆಗಳನ್ನು ಎಣಿಸುವುದು ಕಷ್ಟದ ಕೆಲಸವಲ್ಲ. ಆ ಗೆರೆ ವರ್ಷಕ್ಕೆ ಒಂದೇ ಬೀಳುತ್ತದೆ ಎಂದು ತೋರಿಸುವುದೇ ನಿಜವಾದ ಕೆಲಸ.

ನಮ್ಮ ಕಡಲಿಗೆ ಚಳಿಗಾಲವಿಲ್ಲ ಎಂಬುದು ಸರಿ, ಆದರೆ ಮಳೆಗಾಲವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದ ಕಾಲದಲ್ಲಿ ತಳದ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ನಮ್ಮ ಕರಾವಳಿಯುದ್ದಕ್ಕೂ ಮೇಲೆ ಬರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಕೆಂಪು ನೀರನ್ನು ತಂದು ಸುರಿಯುವುದರಿಂದ ದಡದ ನೀರಿನ ಉಪ್ಪು ಇಳಿಯುತ್ತದೆ. ಹಲವು ಮೀನುಗಳು ಮೊಟ್ಟೆಯಿಡುವುದೂ ಈ ಹೊತ್ತಿಗೇ. ಇವೆಲ್ಲವೂ ಬೆಳವಣಿಗೆಯನ್ನು ಏರುಪೇರು ಮಾಡಬಲ್ಲವು. ಪಶ್ಚಿಮ ಕರಾವಳಿಯ ನಂಗು ಮೀನಿನ ಹುರುಪೆಗಳನ್ನು 1950ರ ದಶಕದ ಆರಂಭದಲ್ಲಿ ಪರಿಶೀಲಿಸಿದ ಜಿ. ಶೇಷಪ್ಪ ಮತ್ತು ಬಿ.ಎಸ್. ಭೀಮಾಚಾರ್ ಅವರು, ಮಳೆಗಾಲದಲ್ಲಿ ಆಹಾರ ಕಡಿಮೆಯಾಗಿ ಬೆಳವಣಿಗೆ ತಡೆದಾಗ ಗೆರೆ ಬೀಳುತ್ತದೆ ಎಂದು ತೋರಿಸಿದರು. ತಾರ್ಲೆಯ ಕಿವಿಗಲ್ಲಿನ ಗೆರೆಗಳ ಬಗ್ಗೆ ಭಾರತದಲ್ಲಿ 1949ರಷ್ಟು ಹಿಂದೆಯೇ ಬರೆಯಲಾಗಿದೆ. ಅಂದರೆ ಉಷ್ಣವಲಯದ ಮೀನಿನಲ್ಲಿ ಗೆರೆಯೇ ಇಲ್ಲವೆಂದಲ್ಲ. ಕೆಲವು ಜಾತಿಗಳಲ್ಲಿ ಅದು ಮಸುಕು, ಕೆಲವುಗಳಲ್ಲಿ ವರ್ಷಕ್ಕೆ ಎರಡು ಬೀಳುವುದೂ ಉಂಟು, ಅದರಿಂದಾಗಿ ಎಡವುವುದು ಸುಲಭ.

ಬಂಗಡೆಯ ಕತೆಯಲ್ಲಿ ಹೀಗೇ ಆಯಿತು. ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆಗಳ ಕಾಲದಲ್ಲಿ ಕಾರವಾರದ ಬಂಗಡೆ ಮೀನುಗಾರಿಕೆಯ ಬಗ್ಗೆ ಎಲ್.ಬಿ. ಪ್ರಧಾನ್ ಅವರು 1956ರಲ್ಲಿ ಬರೆದ ಪ್ರಬಂಧ ಈ ಕಡಲಿನ ಅಧ್ಯಯನಗಳಲ್ಲಿ ಹಳೆಯದು, ಬೆಲೆಯುಳ್ಳದ್ದು. ಅಂದಿನಿಂದ ಇಂದಿನವರೆಗೆ ಒಂದೇ ಅಳತೆಯ ಬಂಗಡೆಗೆ ಒಬ್ಬರು ಒಂದು ವರ್ಷ, ಇನ್ನೊಬ್ಬರು ಎರಡು ವರ್ಷ ಪ್ರಾಯ ಹೇಳಿದ್ದುಂಟು. ಹಿಡಿದ ಮೀನುಗಳ ಉದ್ದವನ್ನು ತಿಂಗಳು ತಿಂಗಳು ಅಳೆದು, ಯಾವ ಗುಂಪು ಯಾವ ಅಳತೆಗೆ ಸರಿಯಿತು ಎಂದು ನೋಡುವ ಪದ್ಧತಿಯಲ್ಲಿ ಎರಡು ಬೇರೆ ಬೇರೆ ಹುಟ್ಟಿನ ಗುಂಪುಗಳು ಬೆರೆತರೆ ಲೆಕ್ಕ ತಪ್ಪುತ್ತದೆ. ಅಲ್ಪಾಯುಷಿ ಮೀನುಗಳಿಗೆ ದಿನದ ಪದರಗಳನ್ನು ಎಣಿಸುವ ದಾರಿ ಹೆಚ್ಚು ಭರವಸೆಯದು ಎಂದು ನಾನು ಹೇಳುವುದು ಇದಕ್ಕೇ.

ಗೆರೆಯ ಅರ್ಥವನ್ನು ಖಾತ್ರಿ ಮಾಡಿಕೊಳ್ಳಲು ಕೆಲವು ದಾರಿಗಳಿವೆ. ಮೀನಿಗೆ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಕೊಟ್ಟರೆ ಆ ದಿನದ ಪದರ ಅತಿನೇರಳೆ ಬೆಳಕಿನಲ್ಲಿ ಹಳದಿಯಾಗಿ ಹೊಳೆಯುತ್ತದೆ. ಅದನ್ನು ಸಾಕಿ, ನೂರು ದಿನ ಕಳೆದ ಮೇಲೆ ಹೊಳೆಯುವ ಗೆರೆಯಿಂದ ಅಂಚಿನವರೆಗೆ ನೂರು ಪದರಗಳಿದ್ದರೆ ದಿನಕ್ಕೊಂದು ಎಂಬುದು ಸಾಬೀತು. ಕಾರವಾರದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಕಡಲ ಪಂಜರಗಳಲ್ಲಿ ಮೀನು ಸಾಕಣೆಯನ್ನು ನಡೆಸಿಕೊಂಡು ಬಂದಿದೆ. ಮೊಟ್ಟೆಕೇಂದ್ರದಿಂದ ತಂದ ಮರಿಗೆ ಹುಟ್ಟಿದ ದಿನ ಗೊತ್ತಿರುವುದರಿಂದ, ಪಂಜರದ ಮೀನಿನ ಕಲ್ಲು ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಇನ್ನೊಂದು ದಾರಿಯೆಂದರೆ ವರ್ಷವಿಡೀ ಪ್ರತಿ ತಿಂಗಳೂ ಮೀನು ತಂದು, ಕಲ್ಲಿನ ಅಂಚಿನಲ್ಲಿ ಆಗ ಬೆಳೆಯುತ್ತಿರುವುದು ಮಬ್ಬು ಪಟ್ಟಿಯೋ ಪಾರಕ ಪಟ್ಟಿಯೋ ಎಂದು ನೋಡುವುದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಇರುವುದರಿಂದ, ಗೆರೆ ಬೀಳುವ ಸಂಭವ ಹೆಚ್ಚಿರುವ ತಿಂಗಳುಗಳಲ್ಲಿಯೇ ಮೀನು ಸಿಗುವುದು ಕಡಿಮೆ. ಆ ದಿನಗಳಲ್ಲಿ ನಾಡದೋಣಿಯವರು ತರುವ ಒಂದು ಬುಟ್ಟಿ ಮೀನು ಈ ಕೆಲಸಕ್ಕೆ ಎಷ್ಟು ಬೆಲೆಯುಳ್ಳದ್ದೆಂಬುದನ್ನು ನಿಮಗೆ ತಿಳಿಸಬಯಸುತ್ತೇನೆ.

ಇನ್ನು ಲಾಭದ ಮಾತು. ಸಣ್ಣದೆಲ್ಲ ಎಳೆಯದಲ್ಲ ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಂದು ಗೇಣಿನ ಒಂದು ಮೀನು ನಾಲ್ಕು ತಿಂಗಳಿನದೂ ಇರಬಹುದು, ಇನ್ನೊಂದು ಜಾತಿಯದು ನಾಲ್ಕು ವರ್ಷದ್ದೂ ಇರಬಹುದು. ಅದನ್ನು ಬೇರ್ಪಡಿಸುವುದು ಕಲ್ಲೇ. ಬರೀ ಉದಾಹರಣೆಗಾಗಿ ಹೇಳುವುದಾದರೆ, ಒಂದು ಹಿಡಿತದಲ್ಲಿ ಒಂದು ವರ್ಷದವು 1000, ಎರಡು ವರ್ಷದವು 400, ಮೂರು ವರ್ಷದವು 160 ಸಿಕ್ಕಿದರೆ, ವರ್ಷಕ್ಕೆ ನೂರರಲ್ಲಿ ಅರವತ್ತು ಮೀನುಗಳು ಬಲೆಗೋ ಬೇರೆ ಮೀನಿನ ಬಾಯಿಗೋ ಹೋಗುತ್ತಿವೆ ಎಂದು ಅಂದಾಜು ಮಾಡಬಹುದು. ಪ್ರಾಯವನ್ನೇ ತಪ್ಪಾಗಿ ಓದಿ, ಒಂದನ್ನು ಎರಡು ಎಂದು ಬರೆದುಕೊಂಡರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ, ಅದರ ಮೇಲೆ ಮಾಡಿದ ನಿಯಮವೂ ತಪ್ಪಾಗುತ್ತದೆ.

ಹೀಗೆ ತಪ್ಪಿದ ದೊಡ್ಡ ಉದಾಹರಣೆ ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಆಳ ಕಡಲಿನ ಆರೆಂಜ್ ರಫಿ ಎಂಬ ಮೀನು. ಇದು ಬೇಗ ಬೆಳೆಯುವ ಮೀನೆಂದು ತಿಳಿದು ಆರಂಭದಲ್ಲಿ ರಾಶಿ ರಾಶಿ ಹಿಡಿದರು. 1991ರಲ್ಲಿ ಅದರ ಕಿವಿಗಲ್ಲಿನಲ್ಲಿ ರೇಡಿಯಂ ಮತ್ತು ಸೀಸದ ವಿಕಿರಣ ಅಂಶಗಳನ್ನು ಅಳೆದಾಗ ಅದು ನೂರು ವರ್ಷ ದಾಟಿ ಬದುಕುತ್ತದೆ ಎಂದು ಗೊತ್ತಾಯಿತು. ಅದು ಮೊಟ್ಟೆಯಿಡುವ ಪ್ರಾಯಕ್ಕೆ ಬರಲು ಸುಮಾರು 30 ವರ್ಷ ಬೇಕು. ಆ ಹೊತ್ತಿಗೆ ಹಲವು ಕಡೆಗಳಲ್ಲಿ ಅದರ ಸಂತತಿ ಬರಿದಾಗಿತ್ತು.

ತಾರ್ಲೆ ಇದಕ್ಕೆ ತೀರ ವಿರುದ್ಧ. ಅದರ ಆಯುಸ್ಸು ಹೆಚ್ಚೆಂದರೆ ಎರಡೂವರೆ ಮೂರು ವರ್ಷ, ಆದ್ದರಿಂದ ಒಂದು ವರ್ಷದ ಮರಿಗಳು ಉಳಿಯದಿದ್ದರೆ ಮುಂದಿನ ವರ್ಷವೇ ಬಲೆ ಬರಿದು. ನೆರೆಯ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ತಾರ್ಲೆ 2021ರಲ್ಲಿ ನಾಲ್ಕು ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಇಂಥ ಏರಿಳಿತದಲ್ಲಿ, ಬದುಕಿ ಉಳಿದ ಮರಿಗಳು ಯಾವ ತಿಂಗಳಿನಲ್ಲಿ ಹುಟ್ಟಿದವು, ಮಳೆಯ ಮೊದಲು ಹುಟ್ಟಿದವೋ ನಡುಮಳೆಯಲ್ಲಿ ಹುಟ್ಟಿದವೋ ಎಂಬುದನ್ನು ದಿನದ ಪದರಗಳಿಂದ ತಿಳಿಯಬಹುದು. ಬಲೆಗೆ ರಜೆ ಯಾವಾಗ ಕೊಡಬೇಕು ಎಂಬ ಚರ್ಚೆಯಲ್ಲಿ ನಿಮ್ಮ ಅನುಭವದ ಮಾತಿನ ಪಕ್ಕಕ್ಕೆ ಇಡಬೇಕಾದದ್ದು ಈ ಬಗೆಯ ಸಾಕ್ಷ್ಯವೇ.

ಪ್ರಶ್ನೆ: ನಾವು ಚೊಣಕ್ ಎನ್ನುವ, ಹೋಟೆಲಿನವರು ಸೀಬಾಸ್ ಎನ್ನುವ ಮೀನು ನಮ್ಮ ಹಿನ್ನೀರಿನಲ್ಲೂ ಸಿಗುತ್ತದೆ, ಕಡಲಿನಲ್ಲೂ ಸಿಗುತ್ತದೆ. ಇವೆರಡೂ ಒಂದೇ ಸಂತತಿಯೇ? ಒಂದು ಮೀನು ಹೊಳೆಯಲ್ಲಿ ಎಷ್ಟು ಕಾಲ ಇತ್ತು ಎಂದು ಕಲ್ಲು ನೋಡಿ ಹೇಳಲಾಗುತ್ತದೆಯೇ?
(ಮೀನು ವ್ಯಾಪಾರಿ, ತದಡಿ)

ಉತ್ತರ: ಹೇಳಲಾಗುತ್ತದೆ, ಅದೂ ಬಹಳ ಸೊಗಸಾಗಿ. ಕಲ್ಲು ಬೆಳೆಯುವಾಗ ಕ್ಯಾಲ್ಸಿಯಂ ಜೊತೆಗೆ ಸುತ್ತಲಿನ ನೀರಿನಲ್ಲಿರುವ ಸ್ಟ್ರಾನ್ಷಿಯಂ, ಬೇರಿಯಂ ಮುಂತಾದ ಧಾತುಗಳೂ ಅತಿ ಸಣ್ಣ ಪ್ರಮಾಣದಲ್ಲಿ ಸೇರಿಕೊಳ್ಳುತ್ತವೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 8 ಮಿಲಿಗ್ರಾಂ ಸ್ಟ್ರಾನ್ಷಿಯಂ ಇರುತ್ತದೆ, ಹೊಳೆಯ ಸಿಹಿನೀರಿನಲ್ಲಿ ಸಾಮಾನ್ಯವಾಗಿ ಅದು ತೀರ ಕಡಿಮೆ. ಬೇರಿಯಂ ಇದಕ್ಕೆ ತಿರುಗುಮುರುಗು, ಹೊಳೆಯ ನೀರಿನಲ್ಲಿ ಹೆಚ್ಚು. ಕಲ್ಲನ್ನು ನಡುವಿನಿಂದ ಅಂಚಿನವರೆಗೆ ಕೊಯ್ದು, ಲೇಸರ್ ಕಿರಣದಿಂದ ಕೂದಲೆಳೆಯಷ್ಟು ಅಗಲದ ಗೆರೆ ಕೊರೆಯುತ್ತ, ಏಳುವ ಆವಿಯನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರಕ್ಕೆ ಕಳಿಸಿದರೆ ಹುಟ್ಟಿನಿಂದ ಸಾವಿನವರೆಗಿನ ಸ್ಟ್ರಾನ್ಷಿಯಂ ಏರಿಳಿತ ನಕ್ಷೆಯಾಗಿ ಮೂಡುತ್ತದೆ.

ಚೊಣಕ್ ಮೊಟ್ಟೆಯಿಡುವುದು ಉಪ್ಪು ನೀರಿನಲ್ಲಿ, ಅಳಿವೆಯ ಬಾಯಿಯ ಆಸುಪಾಸಿನಲ್ಲಿ. ಮರಿಗಳು ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿನ ಕೆಳಗಿನ ಗಜನಿ ಎಂಬ ಉಪ್ಪುನೀರಿನ ತಗ್ಗು ಗದ್ದೆಗಳಿಗೂ ಅಲ್ಲಿಂದ ಮೇಲೆ ಸಿಹಿನೀರಿಗೂ ಹೋಗಿ ಬೆಳೆಯುತ್ತವೆ. ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ಕೆಲವು ವರ್ಷಗಳ ಮೇಲೆ ಹೆಣ್ಣಾಗುವ ಮೀನು ಇದು. ಅಂಥ ಒಂದು ಮೀನಿನ ಕಲ್ಲಿನಲ್ಲಿ ನಡುವೆ ಸ್ಟ್ರಾನ್ಷಿಯಂ ಹೆಚ್ಚು, ಆಮೇಲೆ ಇಳಿತ, ಮತ್ತೆ ಏರಿಕೆ ಎಂದು ಬಂದರೆ, ಕಡಲಲ್ಲಿ ಹುಟ್ಟಿ ಹೊಳೆಗೆ ಹೋಗಿ ತಿರುಗಿ ಕಡಲಿಗೆ ಬಂದದ್ದೆಂದು ಓದಬಹುದು. ಎಲ್ಲಿಯೂ ಇಳಿಯದಿದ್ದರೆ ಹೊಳೆಯ ಮುಖವನ್ನೇ ನೋಡದ ಮೀನು ಅದು. ಆಸ್ಟ್ರೇಲಿಯದಲ್ಲಿ ಇದೇ ಜಾತಿಯಲ್ಲಿ ಎರಡೂ ಬಗೆಯ ಬದುಕು ಕಂಡುಬಂದಿದೆ. ಅಣೆಕಟ್ಟೆಗಳಿರುವ ಕಾಳಿಯ ಮೀನಿಗೂ ಅಣೆಕಟ್ಟೆಯಿಲ್ಲದೆ ಹರಿಯುವ ಅಘನಾಶಿನಿಯ ಮೀನಿಗೂ ಈ ನಕ್ಷೆ ಹೇಗಿರುತ್ತದೆ ಎಂದು ಹೋಲಿಸಿ ನೋಡುವ ಆಸೆ ನನಗೆ ಬಹಳ ದಿನಗಳಿಂದ ಇದೆ. ಯುವಕರು ಯಾರಾದರೂ ಕೈಗೆತ್ತಿಕೊಂಡರೆ ಸಂತೋಷಪಡುತ್ತೇನೆ. ಒಂದು ಎಚ್ಚರಿಕೆ ಮಾತ್ರ ಬೇಕು: ಧಾತುಗಳು ಕಲ್ಲಿಗೆ ಸೇರುವ ಪ್ರಮಾಣ ನೀರಿನ ಬಿಸುಪಿನಿಂದಲೂ ಮೀನು ಬೆಳೆಯುವ ವೇಗದಿಂದಲೂ ಬದಲಾಗಬಲ್ಲದು, ಆದ್ದರಿಂದ ಆಯಾ ಹೊಳೆಯ ನೀರನ್ನೂ ಅಳೆದಿಟ್ಟುಕೊಂಡೇ ಓದಬೇಕು.

ಸಂತತಿ ಒಂದೇ ಅಥವಾ ಬೇರೆಯೇ ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ವಂಶವಾಹಿಗಳ ಪರೀಕ್ಷೆ ತಲೆಮಾರುಗಳ ಮಾತನ್ನು ಹೇಳುತ್ತದೆ. ಎರಡು ಗುಂಪುಗಳ ನಡುವೆ ತಲೆಮಾರಿಗೆ ಕೆಲವೇ ಮೀನುಗಳು ಬೆರೆತರೂ ವಂಶವಾಹಿಗಳಲ್ಲಿ ಅವು ಒಂದೇ ಎಂದು ತೋರುತ್ತವೆ. ಆದರೆ ಒಂದು ಅಳಿವೆಯ ಮೀನು ತೀರಿಹೋದರೆ ಆ ಕೆಲವೇ ಮೀನುಗಳಿಂದ ಅದು ಬೇಗ ತುಂಬುವುದಿಲ್ಲ. ಕಲ್ಲು ಹೇಳುವುದು ಒಂದೇ ಜೀವಮಾನದ ಮಾತು, ಮೀನುಗಾರಿಕೆಯ ನಿರ್ವಹಣೆಗೆ ಅದೂ ಬೇಕು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ವೀಕ್‌ಫಿಶ್ ಎಂಬ ಕ್ರೋಕರ್ ಕುಲದ ಮೀನಿನಲ್ಲಿ, ಬೆಳೆದ ಮೀನಿನ ಕಲ್ಲಿನ ನಡುಭಾಗದ ರಸಾಯನವನ್ನು ಬೇರೆ ಬೇರೆ ಅಳಿವೆಗಳ ಮರಿಗಳ ಕಲ್ಲಿನ ಜೊತೆ ಹೋಲಿಸಿ ನೋಡಿದರು. ಮೊಟ್ಟೆಯಿಡಲು ತಾನು ಬೆಳೆದ ಅಳಿವೆಗೇ ತಿರುಗಿ ಬಂದವು ನೂರಕ್ಕೆ 60ರಿಂದ 81 ಎಂದು 2001ರಲ್ಲಿ ಪ್ರಕಟವಾಯಿತು. ಅಟ್ಲಾಂಟಿಕ್ಕಿನ ಬ್ಲೂಫಿನ್ ಟ್ಯೂನ ಮೀನುಗಳು ಮೆಡಿಟರೇನಿಯನ್ ಕಡಲಿನಲ್ಲಿ ಹುಟ್ಟಿದವೋ ಮೆಕ್ಸಿಕೊ ಕೊಲ್ಲಿಯಲ್ಲಿ ಹುಟ್ಟಿದವೋ ಎಂಬುದನ್ನು ಕಲ್ಲಿನ ನಡುಭಾಗದ ಆಮ್ಲಜನಕದ ಐಸೊಟೋಪುಗಳಿಂದ, ಅಂದರೆ ತೂಕದಲ್ಲಿ ತುಸು ಬೇರೆಯಾದ ಅದರ ಪರಮಾಣುಗಳಿಂದ, ಬೇರ್ಪಡಿಸುತ್ತಾರೆ.

ಯಂತ್ರವಿಲ್ಲದವರಿಗೂ ಒಂದು ದಾರಿಯಿದೆ. ಕಲ್ಲಿನ ಹೊರ ಆಕಾರ ಜಾತಿಯಿಂದ ಜಾತಿಗೆ ಬೇರೆ, ಅದರ ಅಂಚಿನ ತಗ್ಗುದಿಣ್ಣೆಗಳು ಒಂದೇ ಜಾತಿಯ ಬೇರೆ ಬೇರೆ ಗುಂಪುಗಳಲ್ಲಿಯೂ ಸ್ವಲ್ಪ ಸ್ವಲ್ಪ ಬೇರೆಯಾಗಿರಬಹುದು. ಕಲ್ಲಿನ ಚಿತ್ರ ತೆಗೆದು, ಅಂಚಿನ ರೇಖೆಯನ್ನು ಗಣಿತದ ಅಲೆಗಳಾಗಿ ಒಡೆದು ಕಂಪ್ಯೂಟರಿನಲ್ಲಿ ಹೋಲಿಸುತ್ತಾರೆ. ಕಾರವಾರದ ಬಂಗಡೆಯೂ ಮಲ್ಪೆಯ ಬಂಗಡೆಯೂ ಒಂದೇ ಗುಂಪಿನವೇ ಎಂದು ಕೇಳುವವರು ಮೊದಲು ಈ ಅಗ್ಗದ ದಾರಿಯನ್ನು ಹಿಡಿಯಬಹುದು. ಡಾಲ್ಫಿನ್ನಿನ ಅಥವಾ ಕಡಲಹಕ್ಕಿಯ ಹೊಟ್ಟೆಯಲ್ಲಿ ಉಳಿದ ಕಲ್ಲಿನಿಂದ ಅದು ಯಾವ ಮೀನನ್ನು ತಿಂದಿತ್ತು ಎಂದು ಗುರುತಿಸುವುದೂ ಈ ಆಕಾರದಿಂದಲೇ.

ಪ್ರಶ್ನೆ: ಘಟ್ಟದ ಮೇಲಿನ ನಮ್ಮ ಕೆರೆಯ ಮೀನುಗಳಿಗೂ ಕಿವಿಗಲ್ಲು ಇದೆಯೇ? ಶಾರ್ಕಿಗೆ ಇಲ್ಲ ಎನ್ನುತ್ತಾರಲ್ಲ?
(ಪ್ರೌಢಶಾಲೆಯ ಶಿಕ್ಷಕರು, ಶಿರಸಿ)

ಉತ್ತರ: ಎಲುಬಿನ ಮೀನುಗಳಿಗೆಲ್ಲ ಇದೆ. ಆದರೆ ಕಾಟ್ಲಾ, ರೋಹು ಮುಂತಾದ ಗೆಂಡೆಯ ಬಳಗದಲ್ಲಿ ಸ್ಯಾಜಿಟ್ಟಾ ಸೂಜಿಯಂತೆ ಸಪುರ, ತೆಗೆಯುವಾಗಲೇ ಮುರಿಯುತ್ತದೆ. ಆದ್ದರಿಂದ ಅವುಗಳಲ್ಲಿ ಉಳಿದ ಎರಡು ಜೊತೆಗಳನ್ನು, ಇಲ್ಲವೇ ಹುರುಪೆಯನ್ನು ಓದುವುದು ರೂಢಿ. ಮೀಸೆ ಮೀನುಗಳಲ್ಲಿ ಲ್ಯಾಪಿಲಸ್ಸೇ ದೊಡ್ಡದು. ಶಾರ್ಕಿನ ಒಳಗಿವಿಯಲ್ಲಿ ಒಂದೇ ಗಟ್ಟಿ ಕಲ್ಲಿನ ಬದಲು ಮರಳಿನಂಥ ಕಣಗಳಿರುತ್ತವೆ, ಅದರಲ್ಲಿ ಬಳೆಗಳಿಲ್ಲ. ಶಾರ್ಕಿನ ಪ್ರಾಯವನ್ನು ಸಾಮಾನ್ಯವಾಗಿ ಬೆನ್ನಿನ ಮಣಿಗಳಿಂದ ನೋಡುತ್ತಾರೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಕಿವಿಗಲ್ಲುಗಳ ಸಂಗ್ರಹ ಮಾಡಬೇಕೆಂದಿದ್ದೇವೆ. ಹೇಗೆ ತೆಗೆಯಬೇಕು, ಹೇಗೆ ಇಡಬೇಕು?
(ವಿದ್ಯಾರ್ಥಿಗಳು, ಹೊನ್ನಾವರ)

ಉತ್ತರ: ಬೇಯಿಸಿದ ಮೀನಿನದಕ್ಕಿಂತ ಹಸಿ ಮೀನಿನ ಕಲ್ಲೇ ಲೇಸು. ಮುರುಗಲ ಸಿಪ್ಪೆ ಹಾಕಿದ ಸಾರಿನಲ್ಲಿ ಕುದಿದ ಕಲ್ಲಿನ ಮೇಲ್ಮೈ ಹುಳಿಗೆ ಮಸುಕಾಗಬಹುದು. ಮೊದಲು ಮೀನನ್ನು ಮೂತಿಯಿಂದ ಬಾಲದವರೆಗೆ ಅಳೆದು, ತೂಗಿ, ಹೆಣ್ಣೋ ಗಂಡೋ ನೋಡಿ ಬರೆದುಕೊಳ್ಳಿ. ಬಳಿಕ ತಲೆಯನ್ನು ಕಣ್ಣಿನ ತುಸು ಮೇಲಿನಿಂದ ಹಿಂದಕ್ಕೆ, ಡಬ್ಬಿಯ ಮುಚ್ಚಳ ತೆಗೆದಂತೆ, ಅಡ್ಡಕ್ಕೆ ಕೊಯ್ಯಿರಿ. ಮಿದುಳು ಕಾಣುತ್ತದೆ. ಅದನ್ನು ಚಿಮುಟದಿಂದ ಮೆಲ್ಲಗೆ ಸರಿಸಿದರೆ ಹಿಂದಿನ ಕೆಳಭಾಗದ ಎರಡು ಗುಳಿಗಳಲ್ಲಿ ಕಲ್ಲುಗಳು ಬೆಳ್ಳಗೆ ಹೊಳೆಯುತ್ತವೆ. ಕಲ್ಲನ್ನು ನಡುವೆ ಹಿಡಿಯದೆ ಅಂಚಿನಲ್ಲಿ ಹಿಡಿದೆತ್ತಿ, ಅಂಟಿರುವ ಪೊರೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ನೀರಿನಲ್ಲಿ ತಿಕ್ಕಿ ತೆಗೆದು, ನೆರಳಿನಲ್ಲಿ ಒಣಗಿಸಿ.

ಫಾರ್ಮಲಿನ್ ಬಾಟಲಿಯಲ್ಲಿ ಮಾತ್ರ ಹಾಕಬೇಡಿ, ಅದರ ಆಮ್ಲ ಗುಣಕ್ಕೆ ಕೆಲವೇ ತಿಂಗಳಲ್ಲಿ ಅಂಚುಗಳು ಕರಗುತ್ತವೆ. ಒಣ ಕಾಗದದ ಲಕೋಟೆ ಸಾಕು. ಲಕೋಟೆಯ ಮೇಲೆ ಪೆನ್ಸಿಲಿನಿಂದ ಮೀನಿನ ಹೆಸರು, ಸ್ಥಳೀಯರು ಕರೆಯುವ ಹೆಸರು, ಹಿಡಿದ ತಾರೀಖು, ಜಾಗ, ಬಲೆಯ ಬಗೆ, ಉದ್ದ, ತೂಕ ಇಷ್ಟನ್ನೂ ಅದೇ ದಿನ ಬರೆಯಿರಿ. ತಾರೀಖು ಇಲ್ಲದ ಕಲ್ಲಿನಲ್ಲಿ ಎಷ್ಟು ಪದರಗಳನ್ನು ಎಣಿಸಿದರೂ ಹುಟ್ಟಿದ ದಿನಕ್ಕೆ ಹೋಗಲು ದಾರಿಯಿಲ್ಲ. ಎಣಿಸುವಾಗ ಇಬ್ಬರು ಬೇರೆ ಬೇರೆಯಾಗಿ, ಮೀನಿನ ಉದ್ದವನ್ನು ನೋಡದೆ ಎಣಿಸಿ. ಉದ್ದ ಗೊತ್ತಿದ್ದರೆ ದೊಡ್ಡ ಮೀನಿಗೆ ಕಣ್ಣು ತಾನಾಗಿ ಒಂದು ಗೆರೆ ಹೆಚ್ಚು ಕಾಣುತ್ತದೆ. ಇಬ್ಬರ ಎಣಿಕೆ ಹೊಂದದಿದ್ದರೆ ಮೂರನೆಯ ಸಲ ಎಣಿಸಿ, ಆಗಲೂ ಹೊಂದದ ಕಲ್ಲನ್ನು ಲೆಕ್ಕದಿಂದ ಬಿಟ್ಟು, ಹಾಗೆ ಬಿಟ್ಟದ್ದೆಷ್ಟು ಎಂಬುದನ್ನೂ ದಾಖಲಿಸಿಕೊಳ್ಳಿ.